ನಿದ್ದೆಗೆಡಿಸುವ ಹರಳು

ಪರೀಕ್ಷೆಯ ಹಿಂದಿನ ರಾತ್ರಿ ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಅನುಭವ ನಮ್ಮ ವಾಚಕರಲ್ಲಿ ಬಹುಮಂದಿಗೆ ಇರಬಹುದು. ಕಾಫಿಯು ನಿದ್ದೆಯನ್ನು ಕೆಲವು ಗಂಟೆಗಳ ಕಾಲ ಬಾಗಿಲ ಹೊರಗೆ ನಿಲ್ಲಿಸುತ್ತದೆ, ಅಷ್ಟೆ. ಎರಡು ದಿನ, ಮೂರು ದಿನ ನಿದ್ದೆಯೇ ಬೇಡವಾಗುವಂತೆ, ಹಸಿವು ಕಾಣದಂತೆ, ದಣಿವೆಂಬುದು ಮರೆತೇಹೋಗುವಂತೆ ಮಾಡುವ ವಸ್ತುವೊಂದು ಇದ್ದಿದ್ದರೆ? ಅಂಥದೊಂದು ಇದೆ. ರಸಾಯನ ವಿಜ್ಞಾನಿಗಳು ಅದನ್ನು ಮೆಥಾಂಫೆಟಮಿನ್ ಎಂದು ಕರೆಯುತ್ತಾರೆ. ನೋಡಲು ಸಕ್ಕರೆಯ ಹರಳಿನಂತೆ ಇರುವ ಈ ವಸ್ತು ಸೇವಿಸಿದವನನ್ನು ಮಾತ್ರ ಹಿಡಿಯುವುದಿಲ್ಲ. ಅವನ ತಾಯಿ ತಂದೆ, ಹೆಂಡತಿ ಮಕ್ಕಳು, ಒಟ್ಟಿನಲ್ಲಿ ಇಡೀ ಮನೆಯೇ ಅದರ ಹಿಡಿತಕ್ಕೆ ಸಿಕ್ಕುತ್ತದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ನಾವು ಮೊದಲು ಜಪಾನಿಗೆ ಹೋಗಬೇಕು. ಈ ವಸ್ತು ಹುಟ್ಟಿದುದು ಅಲ್ಲಿ. ಒಂದು ದೇಶದ ಜನಸಾಮಾನ್ಯರನ್ನು ದೊಡ್ಡ ಪ್ರಮಾಣದಲ್ಲಿ ಅದು ಮೊದಲು ಕಾಡಿದುದೂ ಅಲ್ಲಿಯೇ.

ಚೀನದ ವೈದ್ಯರು ಕೆಮ್ಮು ಉಬ್ಬಸಗಳಿಗೆ ಶತಮಾನಗಳಿಂದ ಬಳಸುತ್ತ ಬಂದಿರುವ ಒಂದು ಪೊದೆಗಿಡವುಂಟು; ಅವರು ಅದನ್ನು ಮಾಹುವಾಂಗ್ ಎನ್ನುತ್ತಾರೆ. ಎಲೆಗಳಿಲ್ಲವೇನೋ ಎನ್ನಿಸುವಂತೆ ಬರಿಯ ಹಸಿರು ಕಡ್ಡಿಗಳ ಕಂತೆಯಾಗಿ ಬೆಳೆಯುವ ಈ ಗಿಡದ ಸೋದರಜಾತಿಯೊಂದು ನಮ್ಮ ಹಿಮಾಲಯದಲ್ಲಿಯೂ ಇದೆ. ನಮ್ಮ ಗಿಡಮೂಲಿಕೆಯ ವ್ಯಾಪಾರಿಗಳು ಅದನ್ನು ಸೋಮಲತೆ ಎಂಬ ಹೆಸರಿನಲ್ಲಿ ಮಾರುತ್ತಾರೆ. ಬರ್ಲಿನ್ನಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಹಿಂದಿರುಗಿದ ನಾಗಾಯಿ ನಾಗಯೋಶಿ ಎಂಬ ಜಪಾನಿನ ವಿಜ್ಞಾನಿ 1885ರಲ್ಲಿ ಮಾಹುವಾಂಗಿನ ಸಾರವಾದ ಎಫೆಡ್ರಿನ್ನನ್ನು ಬೇರ್ಪಡಿಸಿದರು. 1893ರಲ್ಲಿ ಅದರಿಂದಲೇ ಮೆಥಾಂಫೆಟಮಿನ್ನನ್ನು ತಯಾರಿಸಿದರು. ಅವರ ಬಳಿಕ 1919ರಲ್ಲಿ ಓಗತ ಅಕಿರ ಎಂಬುವರು ಅದನ್ನು ಹರಳಿನ ರೂಪದಲ್ಲಿ ಪಡೆದರು. ಇಬ್ಬರೂ ಸಜ್ಜನರು, ಶ್ರದ್ಧಾವಂತ ಸಂಶೋಧಕರು. ತಮ್ಮ ಬಾಟಲಿಯೊಳಗೆ ಏನು ಕುಳಿತಿದೆ ಎಂಬುದರ ಕಲ್ಪನೆ ಇಬ್ಬರಿಗೂ ಇರಲಿಲ್ಲ.

ಅದನ್ನು ಲೋಕಕ್ಕೆ ತೋರಿಸಿಕೊಟ್ಟುದು ಎರಡನೆಯ ಮಹಾಯುದ್ಧ. ಜರ್ಮನಿಯಲ್ಲಿ 1938ರಿಂದ ಪರ್ವಿಟಿನ್ ಎಂಬ ಹೆಸರಿನಿಂದ ಇದೇ ವಸ್ತುವಿನ ಗುಳಿಗೆಗಳು ಅಂಗಡಿಯಲ್ಲಿ ದೊರೆಯುತ್ತಿದ್ದುವು. 1940ರ ವಸಂತದಲ್ಲಿ ಫ್ರಾನ್ಸಿನ ಮೇಲೆ ನುಗ್ಗಿದ ಸೇನೆಗೂ ವಿಮಾನದಳಕ್ಕೂ ಕೆಲವೇ ತಿಂಗಳಲ್ಲಿ ಮೂರೂವರೆ ಕೋಟಿ ಗುಳಿಗೆಗಳು ಸರಬರಾಜಾದುವು. ಮುಂದೆ 1972ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕ ಪಡೆದ ಹೈನ್ರಿಖ್ ಬೋಲ್ ಆಗ ಸಾಮಾನ್ಯ ಸಿಪಾಯಿ. ಸೈನ್ಯದಿಂದ ಮನೆಗೆ ಬರೆದ ಕಾಗದಗಳಲ್ಲಿ ತನಗೆ ಪರ್ವಿಟಿನ್ ಕಳುಹಿಸಿಕೊಡಿರೆಂದು ಅವರು ತಂದೆತಾಯಿಗಳನ್ನು ಬೇಡಿಕೊಂಡಿದ್ದಾರೆ. ಮನೆಯವರಿಗೆ ಅದರಲ್ಲಿ ತಪ್ಪೇನೂ ಕಾಣದ ಕಾಲ ಅದು. ಜಪಾನಿನಲ್ಲಿ 1941ರಲ್ಲಿ ಮಾರಾಟಕ್ಕೆ ಬಂದ ಗುಳಿಗೆಯ ಹೆಸರು ಹಿರೋಪಾನ್. ‘ದುಡಿಮೆಯ ಮೇಲಣ ಪ್ರೀತಿ’ ಎಂಬ ಅರ್ಥದ ಗ್ರೀಕ್ ಪದದಿಂದ ಆ ಹೆಸರನ್ನು ಕಟ್ಟಿದರೆಂದು ಹೇಳುತ್ತಾರೆ. ವಿಮಾನ ಚಾಲಕರೂ ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ರಾತ್ರಿಪಾಳಿಯ ಕೆಲಸ ಮಾಡುವವರೂ ಅದನ್ನು ನುಂಗಿದರು.

1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಸೈನ್ಯದ ಉಗ್ರಾಣಗಳಲ್ಲಿದ್ದ ಹಿರೋಪಾನ್ ಮುಗಿದಿರಲಿಲ್ಲ. ಬಾಂಬಿನಿಂದ ಸುಟ್ಟು ನೆಲಸಮವಾಗಿದ್ದ ನಗರಗಳು, ಅನ್ನಕ್ಕೆ ಬರ, ಕೆಲಸಕ್ಕೆ ಬರ. ಇಂಥ ಸಮಯದಲ್ಲಿ ಹಸಿವನ್ನೂ ದುಃಖವನ್ನೂ ಒಟ್ಟಿಗೆ ಮರೆಸುವ ಗುಳಿಗೆ ಅಗ್ಗದ ಬೆಲೆಗೆ ಕಾಳಸಂತೆಗೆ ಬಂದರೆ ಏನಾದೀತು? ಗುಳಿಗೆಯಿಂದ ಜನ ಸೂಜಿಮದ್ದಿಗೆ ಇಳಿದರು. ನಾಟಕದವರು, ಬರೆಹಗಾರರು, ರಾತ್ರಿ ದುಡಿಯುವವರು, ಕೊನೆಗೆ ಮನೆಮಠವಿಲ್ಲದ ಎಳೆಯ ಹುಡುಗರು. ಸರಕಾರ 1951ರಲ್ಲಿ ಕಠಿನವಾದ ಶಾಸನವನ್ನು ತಂದಿತು. ಆದರೂ 1954ರ ಒಂದೇ ವರ್ಷದಲ್ಲಿ ಬಂಧಿತರಾದವರ ಸಂಖ್ಯೆ 55,664. ಶಿಕ್ಷೆಯನ್ನು ಹೆಚ್ಚಿಸಿ, ಚಟಕ್ಕೆ ಬಿದ್ದವರನ್ನು ಆಸ್ಪತ್ರೆಗೆ ಸೇರಿಸುವ ಏರ್ಪಾಡನ್ನೂ ಮಾಡಿದ ಬಳಿಕ ಮೂರು ನಾಲ್ಕು ವರ್ಷಗಳಲ್ಲಿ ಈ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿಯಿತು. ಪಿಡುಗು ತೊಲಗಿತೆಂದು ಎಲ್ಲರೂ ಭಾವಿಸಿದರು. 1970ರ ದಶಕದಲ್ಲಿ ಅದು ಮತ್ತೆ ತಲೆಯೆತ್ತಿತು.

ಅಂಕಿ ಸಂಖ್ಯೆಗಳು ಮನೆಯೊಳಗಿನ ಕಥೆಯನ್ನು ಹೇಳಲಾರವು. ಅದಕ್ಕಾಗಿ ಆ ಕಾಲದ ಒಂದು ಮನೆಯನ್ನು ನೋಡೋಣ. ಸಕಗುಚಿ ಆಂಗೊ ಯುದ್ಧಾನಂತರದ ಜಪಾನಿನ ಅತ್ಯಂತ ಜನಪ್ರಿಯ ಲೇಖಕರಲ್ಲಿ ಒಬ್ಬರು. 1946ರಲ್ಲಿ ಬರೆದ ಒಂದು ಪ್ರಬಂಧದಿಂದ ಅವರ ಹೆಸರು ದೇಶದ ತುಂಬ ಹರಡಿತು. ಪತ್ರಿಕೆಗಳು ಬರೆಹಕ್ಕಾಗಿ ಸಾಲುಗಟ್ಟಿದುವು. ಒಪ್ಪಿಕೊಂಡುದನ್ನೆಲ್ಲ ಬರೆದು ಕೊಡಲು ರಾತ್ರಿಯ ನಿದ್ದೆ ಅಡ್ಡಬಂದಿತು. ಹಿರೋಪಾನ್ ನುಂಗಿ ಬರೆದರು. ಬರೆದು ಮುಗಿದ ಮೇಲೂ ನಿದ್ದೆ ಬಾರದಾಗಲು ಅಡೋರ್ಮ್ ಎಂಬ ನಿದ್ದೆಯ ಗುಳಿಗೆಯನ್ನು ನುಂಗಿದರು. ಎಚ್ಚರಕ್ಕೆ ಒಂದು, ನಿದ್ದೆಗೆ ಇನ್ನೊಂದು. ಎರಡೂ ದಿನೇ ದಿನೇ ಹೆಚ್ಚುತ್ತ ಹೋದುವು. 1949ರ ಮೊದಲ ತಿಂಗಳುಗಳಲ್ಲಿ ಅವರನ್ನು ಟೋಕಿಯೊ ವಿಶ್ವವಿದ್ಯಾನಿಲಯದ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಸೇರಿಸಬೇಕಾಯಿತು.

ಆಸ್ಪತ್ರೆಯಿಂದ ಹೊರಬಂದರೂ ಗುಳಿಗೆಗಳ ಸಹವಾಸ ತಪ್ಪಲಿಲ್ಲ. 1951ರಲ್ಲಿ ಸೈಕಲ್ ಪಂದ್ಯವೊಂದರಲ್ಲಿ ಮೋಸ ನಡೆದಿದೆಯೆಂದು ಅವರು ಬಹಿರಂಗವಾಗಿ ಆಪಾದಿಸಿದರು. ಆಮೇಲೆ ಯಾರೋ ತಮ್ಮ ಬೆನ್ನು ಹತ್ತಿದ್ದಾರೆಂಬ ಭೀತಿ ಬಲಿಯಿತು. ಹೆಂಡತಿ ಮಿಚಿಯೊ ಅವರನ್ನು ಕರೆದುಕೊಂಡು ಊರಿಂದ ಊರಿಗೆ, ಸ್ನೇಹಿತರ ಮನೆಯಿಂದ ಮನೆಗೆ ಅಡಗುತ್ತ ನಡೆದರು. ಲೇಖಕ ಮಿತ್ರ ದಾನ್ ಕಾಜುಒ ಅವರ ಮನೆಯಲ್ಲಿದ್ದಾಗ ಒಂದು ದಿನ ಹೆಂಡತಿಗೆ, ‘ಹೋಗಿ ನೂರು ಮಂದಿಗೆ ಆಗುವಷ್ಟು ಅನ್ನ ಸಾರು ಹೇಳಿ ಬಾ’ ಎಂಬರ್ಥದ ಅಪ್ಪಣೆಯಾಯಿತು. ಮನೆಯಲ್ಲಿ ಇದ್ದವರು ಬೆರಳೆಣಿಕೆಯ ಜನ. ಆಕೆ ಹೋಗಿ ಹೇಳಿ ಬಂದರು. ಜಪಾನೀಯರು ‘ಕರೀ ರೈಸ್’ ಎನ್ನುವ ಆ ಊಟದ ತಟ್ಟೆಗಳು ಒಂದರ ಹಿಂದೊಂದು ಬರತೊಡಗಿ, ಅಂಗಳದ ಹುಲ್ಲಿನ ಮೇಲೆ ಸಾಲಾಗಿ ಕುಳಿತುವು. ಜಪಾನಿನ ಸಾಹಿತ್ಯವಲಯದಲ್ಲಿ ಇಂದಿಗೂ ಈ ಪ್ರಸಂಗವನ್ನು ನಗುತ್ತ ಹೇಳುವುದುಂಟು. ನಮಗೆ ಅದರಲ್ಲಿ ನಗುವಿಗಿಂತ ಹೆಚ್ಚಾಗಿ ಕಾಣುವುದು, ನೂರು ತಟ್ಟೆ ಊಟ ಬೇಡವೆಂದು ತಿಳಿದೂ ಬೀದಿಗಿಳಿದು ಹೋದ ಆ ಹೆಂಗಸು. ಹೋಗದಿದ್ದರೆ ಮನೆಯಲ್ಲಿ ಏನಾಗುತ್ತಿತ್ತೆಂಬುದನ್ನು ಆಕೆ ಬಲ್ಲರು.

ಆಂಗೊ 1955ರಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು, ವಯಸ್ಸು 48. ಅವರ ಕೆಡುಕಿನಲ್ಲಿ ಹಿರೋಪಾನಿನ ಪಾಲೆಷ್ಟು, ಅಡೋರ್ಮಿನ ಪಾಲೆಷ್ಟು, ಮದ್ಯದ ಪಾಲೆಷ್ಟು ಎಂದು ತಕ್ಕಡಿಯಲ್ಲಿ ತೂಗಿ ಹೇಳಲಾಗದು. ಈ ಚಟದಲ್ಲಿ ಒಂದರ ಜೊತೆಗೆ ಇನ್ನೊಂದು ಬರುವುದೇ ವಾಡಿಕೆ. ಮಿಚಿಯೊ ಅವರು ಆ ವರ್ಷಗಳ ನೆನಪುಗಳನ್ನು 1967ರಲ್ಲಿ ‘ಕುರಾಕುರಾ ನಿಕ್ಕಿ’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಚಟಕ್ಕೆ ಬಿದ್ದವರು ಬರೆದ ಪುಸ್ತಕಗಳು ಬಹಳ. ಅವರ ಜೊತೆಯಲ್ಲಿ ಬಾಳಿದವರು ಬರೆದುವು ಕಡಮೆ.

ಇನ್ನು ಇಂಥ ಮನೆಯಲ್ಲಿ ಸೇವಿಸಿದವನ ತಲೆಯೊಳಗೆ ನಡೆಯುವುದೇನು? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಅತಿ ಸೂಕ್ಷ್ಮವಾದ ಸಂದು. ಈ ಸಂದನ್ನು ದಾಟಿ ಸುದ್ದಿ ಒಯ್ಯುವ ರಾಸಾಯನಿಕಗಳಲ್ಲಿ ಡೋಪಮೀನ್ ಒಂದು. ಅದನ್ನು ‘ಸುಖದ ರಸ’ವೆಂದು ಕರೆಯುವುದು ರೂಢಿಯಾಗಿದೆ, ನಮಗೆ ಆ ಹೆಸರು ಅಷ್ಟು ಒಪ್ಪಿಗೆಯಿಲ್ಲ. ಹಸಿದಾಗ ಉಂಡ ಅನ್ನ, ಬಿಡಿಸಲಾರದೆ ಬಿಡಿಸಿದ ಲೆಕ್ಕ, ಮಗುವಿನ ನಗೆ, ಇಂಥವು ಎದುರಾದಾಗ ‘ಇದು ಬೇಕಾದದ್ದು, ನೆನಪಿಟ್ಟುಕೋ, ಮತ್ತೆ ಮಾಡು’ ಎಂದು ಮಿದುಳಿಗೆ ಹೇಳುವುದು ಡೋಪಮೀನಿನ ಮುಖ್ಯ ಕೆಲಸ. ಕೋಶದೊಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಅದರ ದಾಸ್ತಾನು ಇರುತ್ತದೆ. ಬೇಕಾದಾಗ ಸ್ವಲ್ಪ ಹೊರಗೆ ಚೆಲ್ಲಿ, ಕೆಲಸ ಮುಗಿದೊಡನೆ ಕೋಶದ ಗೋಡೆಯಲ್ಲಿರುವ ಸಾಗಣೆಯ ಅಣುಗಳು ಅದನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತವೆ. ಮಿತವ್ಯಯದ ಗೃಹಿಣಿ ಉಗ್ರಾಣದ ಬೀಗದಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಂತೆ.

ಮೆಥಾಂಫೆಟಮಿನ್ನಿನ ಅಣು ಆಕಾರದಲ್ಲಿ ಡೋಪಮೀನನ್ನು ಬಹಳಮಟ್ಟಿಗೆ ಹೋಲುತ್ತದೆ. ಆದಕಾರಣ ಸಾಗಣೆಯ ಅಣುಗಳು ಅದನ್ನು ಮನೆಯವನೆಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತವೆ. ಒಳಹೊಕ್ಕ ಅದು ಎರಡು ಕೆಲಸ ಮಾಡುತ್ತದೆ: ದಾಸ್ತಾನಿನ ಚೀಲಗಳನ್ನು ಬರಿದುಮಾಡುತ್ತದೆ, ಒಳಕ್ಕೆ ಎಳೆಯಬೇಕಾದ ಸಾಗಣೆಯ ವ್ಯವಸ್ಥೆಯನ್ನು ಹಿಂದುಮುಂದಾಗಿಸಿ ಡೋಪಮೀನನ್ನು ಹೊರಕ್ಕೆ ಸುರಿಯುವಂತೆ ಮಾಡುತ್ತದೆ. 1988ರಲ್ಲಿ ಇಟಲಿಯ ಇಬ್ಬರು ವಿಜ್ಞಾನಿಗಳು ಇಲಿಗಳ ಮಿದುಳಿನಲ್ಲಿ ಇದನ್ನು ಅಳೆದು ನೋಡಿದರು. ಮೆಥಾಂಫೆಟಮಿನ್ನಿನ ಸೋದರನಾದ ಆಂಫೆಟಮಿನ್ನನ್ನು ಕೊಟ್ಟಾಗ ಡೋಪಮೀನಿನ ಮಟ್ಟ ಹತ್ತು ಪಟ್ಟಿನವರೆಗೆ ಏರಿತು. ಆಹಾರ ಸಿಕ್ಕಿದಾಗ ಇಲಿಯಲ್ಲಿ ಆಗುವ ಏರಿಕೆ ಒಂದೂವರೆ ಪಟ್ಟಿನಷ್ಟು ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಅನಾಹುತದ ಅಳತೆ ತಿಳಿಯುತ್ತದೆ. ಈ ಸುರಿಮಳೆ ಬೇಗ ನಿಲ್ಲುವುದೂ ಇಲ್ಲ. ಕೊಕೇನಿನ ಅರ್ಧಭಾಗ ಸುಮಾರು ಒಂದು ಗಂಟೆಯಲ್ಲಿ ರಕ್ತದಿಂದ ಕಳೆದುಹೋಗುತ್ತದೆ. ಮೆಥಾಂಫೆಟಮಿನ್ನಿನ ಅರ್ಧಭಾಗ ಕಳೆಯಲು ಹತ್ತು ಹನ್ನೆರಡು ಗಂಟೆ ಬೇಕು.

ಅಂಥ ಸುರಿಮಳೆಯನ್ನು ಕಂಡ ಮಿದುಳು ತನ್ನನ್ನು ಕಾಪಾಡಿಕೊಳ್ಳಲು ಕಿವಿಮುಚ್ಚಿಕೊಳ್ಳುತ್ತದೆ. ಡೋಪಮೀನಿನ ಸುದ್ದಿಯನ್ನು ಹಿಡಿಯುವ ಗ್ರಾಹಕಗಳು ಕಡಮೆಯಾಗುತ್ತವೆ. ಪರಿಣಾಮವಾಗಿ, ನಿನ್ನೆ ಸಾಕಾಗಿದ್ದಷ್ಟು ಇಂದು ಸಾಲದು. ಇದಕ್ಕಿಂತ ಹೆಚ್ಚಿನ ಕೇಡು ಇನ್ನೊಂದು: ಸುರಿಮಳೆಯ ಗದ್ದಲಕ್ಕೆ ಮುಚ್ಚಿಕೊಂಡ ಕಿವಿಗೆ ನಿತ್ಯಜೀವನದ ಮೆಲುದನಿ ಕೇಳಿಸುವುದೇ ಇಲ್ಲ. ಊಟ ಸಪ್ಪೆ, ಸಂಗೀತ ಸಪ್ಪೆ, ಸ್ನೇಹ ಸಪ್ಪೆ. ತಾಯಿ ಬಾಗಿಲಲ್ಲಿ ನಿಂತು ಅಳುತ್ತಿದ್ದರೆ ಮಗನಿಗೆ ಅದು ಕಾಣುತ್ತದೆ. ಆದರೆ ಹಿಂದೆ ತಟ್ಟುತ್ತಿದ್ದಂತೆ ತಟ್ಟುವುದಿಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ.

ದೇಹದ ಮೇಲಿನ ಪರಿಣಾಮವನ್ನು ಸಂಕ್ಷೇಪವಾಗಿ ಹೇಳಬಹುದು. ರಕ್ತದ ಒತ್ತಡ ಏರುತ್ತದೆ, ಹೃದಯ ಕಾಲಕ್ಕೆ ಮುಂಚೆ ಬಳಲುತ್ತದೆ, ಎಳೆಯ ವಯಸ್ಸಿನಲ್ಲಿಯೇ ಮಿದುಳಿನ ರಕ್ತನಾಳ ಒಡೆಯುವುದುಂಟು. ಬಾಯಿ ಒಣಗಿ, ಹಲ್ಲು ಕಡಿದು ಕಡಿದು ದಂತಪಂಕ್ತಿ ಹಾಳಾಗುತ್ತದೆ. ಚರ್ಮದ ಕೆಳಗೆ ಹುಳು ಹರಿದಂತೆ ತೋರಿ ಕೆಲವರು ಮೈಯನ್ನು ಕೆರೆದು ಹುಣ್ಣು ಮಾಡಿಕೊಳ್ಳುತ್ತಾರೆ.

ಮನಸ್ಸಿನ ಮೇಲಿನ ಪರಿಣಾಮವನ್ನು ಕುರಿತು ಮೊದಲು ವಿಸ್ತಾರವಾಗಿ ಪರಿಶೀಲಿಸಿದವರಲ್ಲಿ ಜಪಾನಿನ ಮನೋವೈದ್ಯರು ಮುಖ್ಯರು. ಅವರ ಆಸ್ಪತ್ರೆಗಳು 1950ರ ದಶಕದಲ್ಲಿ ಇಂಥ ರೋಗಿಗಳಿಂದ ತುಂಬಿದ್ದುವು. ಇಲ್ಲದ ದನಿ ಕೇಳುತ್ತದೆ. ಗೋಡೆಯ ಆಚೆ ಯಾರೋ ಪಿಸುಗುಟ್ಟುತ್ತಾರೆ. ಬೀದಿಯಲ್ಲಿ ನಿಂತ ಗಾಡಿ ತನ್ನನ್ನು ಹಿಡಿಯಲು ಬಂದದ್ದೆಂದು ತೋರುತ್ತದೆ. ಬಹುಮಂದಿಯಲ್ಲಿ ಈ ಭ್ರಮೆ ಔಷಧ ನಿಂತ ಕೆಲವು ದಿನಗಳಲ್ಲಿ ಇಳಿಯುತ್ತದೆ; ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇಷ್ಟೇ ಅಲ್ಲ. ವರ್ಷಗಳ ಕಾಲ ಸ್ವಸ್ಥನಾಗಿದ್ದವನು ಸ್ವಲ್ಪವೇ ಸೇವಿಸಿದರೂ, ಒಮ್ಮೊಮ್ಮೆ ಏನೂ ಸೇವಿಸದೆ ಬರಿಯ ಮನಃಕ್ಲೇಶದಿಂದಲೇ, ಹಳೆಯ ಭ್ರಮೆ ಮರಳಬಲ್ಲುದೆಂಬುದನ್ನು ಆ ವೈದ್ಯರು ಕಂಡುಕೊಂಡರು.

ಇಂಥ ಸಂದೇಹ ಎಲ್ಲರಿಗಿಂತ ಮೊದಲು ಯಾರ ಮೇಲೆ ಬೀಳುತ್ತದೆ? ಹತ್ತಿರ ಇರುವವರ ಮೇಲೆ. ಊಟ ತಂದ ಅಕ್ಕನ ಕೈಯಲ್ಲಿ ವಿಷ ಕಾಣುತ್ತದೆ. ಹೊರಗೆ ಹೋಗಿ ಬಂದ ಹೆಂಡತಿ ಪೋಲೀಸರಿಗೆ ಸುದ್ದಿ ಕೊಟ್ಟವಳಾಗುತ್ತಾಳೆ. ಮನೆಯ ದಿನಚರಿ ತಲೆಕೆಳಗಾಗುತ್ತದೆ. ಸೇವಿಸಿದವನು ಮೂರು ರಾತ್ರಿ ಎಚ್ಚರವಾಗಿದ್ದರೆ ಮನೆಯವರೂ ಮೂರು ರಾತ್ರಿ ಎಚ್ಚರವಾಗಿರುತ್ತಾರೆ, ಅದೂ ಯಾವ ಗುಳಿಗೆಯ ನೆರವಿಲ್ಲದೆ. ಬಳಿಕ ಅವನು ಒಂದು ಹಗಲು ಒಂದು ರಾತ್ರಿ ಸತ್ತವನಂತೆ ನಿದ್ರಿಸುತ್ತಾನೆ. ಉಸಿರಾಡುತ್ತಿದ್ದಾನೆಯೇ ಎಂದು ತಾಯಿ ಮತ್ತೆ ಮತ್ತೆ ಬಾಗಿಲು ತೆರೆದು ನೋಡುತ್ತಾಳೆ. ಪೆಟ್ಟಿಗೆಯಲ್ಲಿದ್ದ ಹಣ, ಬೀರುವಿನಲ್ಲಿದ್ದ ಓಲೆ ಕಾಣೆಯಾಗುತ್ತವೆ. ತಂದೆ ಸಾಲ ತೀರಿಸುತ್ತಾನೆ, ಕಚೇರಿಗೆ ರಜೆಯ ಚೀಟಿ ಬರೆದುಕೊಡುತ್ತಾನೆ, ನೆಂಟರಿಗೆ ‘ಹುಡುಗನಿಗೆ ಮೈಯಲ್ಲಿ ನೆಟ್ಟಗಿಲ್ಲ’ ಎನ್ನುತ್ತಾನೆ. ಹೀಗೆ ಒಂದು ಸುಳ್ಳನ್ನು ಕಾಯಲು ಮನೆಮಂದಿಯೆಲ್ಲ ಸುಳ್ಳು ಕಲಿಯಬೇಕಾಗುತ್ತದೆ. ಮದುವೆ ಮುಂಜಿಗಳಿಗೆ ಹೋಗುವುದು ನಿಲ್ಲುತ್ತದೆ. ಚೆನ್ನಾಗಿ ಓದುತ್ತಿರುವ ತಂಗಿಯೊಬ್ಬಳು ಇದ್ದರೆ ಅವಳ ಕಡೆ ನೋಡಲು ಯಾರಿಗೂ ಬಿಡುವಿಲ್ಲ. ಅವಳು ತೊಂದರೆ ಕೊಡುವವಳಲ್ಲವಷ್ಟೆ.

ಸೇವಿಸುವವಳು ಗರ್ಭಿಣಿಯಾಗಿದ್ದರೆ ಕಥೆ ಹುಟ್ಟಿಗಿಂತ ಮೊದಲೇ ತೊಡಗುತ್ತದೆ. ಅಮೆರಿಕದ ನಾಲ್ಕು ನಗರಗಳಲ್ಲಿ 2002ರಿಂದ ನಡೆದ ಒಂದು ದೀರ್ಘ ಅಧ್ಯಯನದಲ್ಲಿ, ಗರ್ಭದಲ್ಲಿ ಮೆಥಾಂಫೆಟಮಿನ್ನಿನ ಸಂಪರ್ಕಕ್ಕೆ ಬಂದ ಶಿಶುಗಳು ತಿಂಗಳಿಗೆ ತಕ್ಕ ಬೆಳವಣಿಗೆಯಿಲ್ಲದೆ ಸಣ್ಣದಾಗಿ ಹುಟ್ಟುವ ಸಂಭವ ಮೂರೂವರೆ ಪಟ್ಟು ಹೆಚ್ಚೆಂದು ಕಂಡುಬಂದಿತು. ಅದೇ ಮಕ್ಕಳನ್ನು ಶಾಲೆಯ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದಾಗ ಇನ್ನೊಂದು ವಿಷಯ ಸ್ಪಷ್ಟವಾಯಿತು. ಹುಟ್ಟಿದ ಮೇಲೆ ಮನೆಯಲ್ಲಿ ಪಟ್ಟ ಪಾಡಿಗೂ ಮಗುವಿನ ನಡವಳಿಕೆಯ ತೊಡಕುಗಳಿಗೂ ನಿಕಟವಾದ ಸಂಬಂಧವಿದೆ. ಇದು ಒಂದು ಬಗೆಯಲ್ಲಿ ಒಳ್ಳೆಯ ಸುದ್ದಿ. ಗರ್ಭದಲ್ಲಿ ಆದುದನ್ನು ತಿದ್ದಲಾರೆವು, ಮನೆಯನ್ನು ತಿದ್ದಬಹುದು.

ಈಗ ಮಿದುಳು ಮುಚ್ಚಿಕೊಂಡ ಕಿವಿಯ ವಿಷಯಕ್ಕೆ ಹಿಂದಿರುಗೋಣ. ಔಷಧವನ್ನು ಬಿಟ್ಟೊಡನೆ ಏನಾಗುತ್ತದೆ? ಮೊದಲ ವಾರ, ಹತ್ತು ದಿನ ವಿಪರೀತ ನಿದ್ದೆ, ವಿಪರೀತ ಹಸಿವು, ಮಂಕು. ಮನೆಯವರು ಇದನ್ನು ಹೇಗೋ ಸಹಿಸುತ್ತಾರೆ. ರೋಗವೆಂದು ಕಣ್ಣಿಗೆ ಕಾಣುತ್ತದೆ. ಕಷ್ಟ ತೊಡಗುವುದು ಆಮೇಲೆ. ಹುಡುಗ ಎದ್ದು ಓಡಾಡುತ್ತಾನೆ, ಉಣ್ಣುತ್ತಾನೆ, ಮೈ ತುಂಬಿಕೊಂಡಿದ್ದಾನೆ. ಆದರೆ ಯಾವುದರಲ್ಲಿಯೂ ಮನಸ್ಸಿಲ್ಲ. ಪುಸ್ತಕ ಹಿಡಿದರೆ ಒಂದು ಪುಟ ಓಡುವುದಿಲ್ಲ, ಹೇಳಿದ ಕೆಲಸ ನೆನಪಿರುವುದಿಲ್ಲ, ಕುಳಿತಲ್ಲಿ ಕುಳಿತಿರುತ್ತಾನೆ. ‘ಔಷಧ ಬಿಟ್ಟು ಎರಡು ತಿಂಗಳಾಯಿತು, ಇನ್ನೇನು ಧಾಡಿ? ಸೋಮಾರಿತನ’ ಎಂದು ತಂದೆ ಗದರುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಚಟದಷ್ಟೇ ಹಾನಿಯನ್ನು ಮಾಡುವುದು ಈ ತಪ್ಪು ತಿಳಿವಳಿಕೆ.

ಏಕೆಂದರೆ ಆ ಎರಡು ತಿಂಗಳಲ್ಲಿ ಮಿದುಳು ಇನ್ನೂ ಗಾಯದೊಡನೆಯೇ ಇದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನೋರಾ ವೋಲ್ಕೋ ಮತ್ತು ಅವರ ಸಂಗಡಿಗರು ಚಟ ಬಿಟ್ಟವರ ಮಿದುಳಿನ ಚಿತ್ರಗಳನ್ನು ತೆಗೆದು 2001ರಲ್ಲಿ ಪ್ರಕಟಿಸಿದರು. ರಕ್ತಕ್ಕೆ ಅತ್ಯಲ್ಪ ವಿಕಿರಣವುಳ್ಳ ವಸ್ತುವನ್ನು ಸೇರಿಸಿ, ಅದು ಎಲ್ಲಿ ಅಂಟಿಕೊಳ್ಳುತ್ತದೆಂಬುದನ್ನು ಹೊರಗಿನಿಂದ ಗುರುತಿಸುವ ವಿಧಾನ ಅದು. ಮಿದುಳಿನ ಆಳದ ಭಾಗದಲ್ಲಿ ಡೋಪಮೀನಿನ ಸಾಗಣೆಯ ಅಣುಗಳು ಸಾಮಾನ್ಯರಲ್ಲಿ ಇರುವುದಕ್ಕಿಂತ ಸುಮಾರು ಕಾಲುಭಾಗದಷ್ಟು ಕಡಮೆಯಾಗಿದ್ದುವು. ಕಡಮೆಯಾದಷ್ಟೂ ಕೈಕಾಲಿನ ಚುರುಕು ಕಡಮೆ, ಪದಗಳನ್ನು ನೆನಪಿಡುವ ಶಕ್ತಿ ಕಡಮೆ. ಅವರಲ್ಲಿ ಐವರು ಔಷಧವನ್ನು ಮುಟ್ಟದೆ ವರ್ಷ ಕಳೆದರು. ಹನ್ನೆರಡರಿಂದ ಹದಿನೇಳು ತಿಂಗಳ ಬಳಿಕ ಅವರ ಚಿತ್ರವನ್ನು ಮತ್ತೆ ತೆಗೆದಾಗ ಆ ಅಣುಗಳು ಬಹುಮಟ್ಟಿಗೆ ಮರಳಿದ್ದುವು. ಸಂತೋಷದ ಸಂಗತಿಯೇ ಸರಿ. ಆದರೆ ಚುರುಕೂ ನೆನಪಿನ ಶಕ್ತಿಯೂ ಅದೇ ವೇಗದಲ್ಲಿ ಮರಳಿರಲಿಲ್ಲ. ಐವರೆಂಬುದು ಸಣ್ಣ ಸಂಖ್ಯೆ, ನಿಜ. ಆದರೂ ತಿಂಗಳುಗಳ ಲೆಕ್ಕ ಸಾಲದು, ವರ್ಷದ ಲೆಕ್ಕ ಹಿಡಿಯಬೇಕೆಂಬುದಕ್ಕೆ ಈ ಚಿತ್ರಗಳಿಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. ಮೂಳೆ ಮುರಿದ ಮಗನನ್ನು ಮೂರನೆಯ ದಿನ ಓಡೆಂದು ಯಾವ ತಂದೆಯೂ ಹೇಳುವುದಿಲ್ಲ. ಅವನ ಕಾಲಿಗೆ ಕಟ್ಟಿದ ಪಟ್ಟಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಇಲ್ಲಿ ಪಟ್ಟಿ ಕಾಣುವುದಿಲ್ಲ.

ಅಫೀಮಿನ ಚಟಕ್ಕೆ ಬದಲಿ ಔಷಧಗಳಿರುವಂತೆ ಇದಕ್ಕೆ ಖಚಿತವಾದ ಔಷಧ ಇಲ್ಲ. ಖಿನ್ನತೆಗೆ ಕೊಡುವ ಒಂದು ಮದ್ದನ್ನೂ ಮದ್ಯದ ಚಟಕ್ಕೆ ಕೊಡುವ ಇನ್ನೊಂದನ್ನೂ ಜೊತೆಗೂಡಿಸಿ ಅಮೆರಿಕದಲ್ಲಿ 403 ಮಂದಿಯ ಮೇಲೆ ಪ್ರಯೋಗ ನಡೆಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗುಣ ಕಂಡವರು ನೂರಕ್ಕೆ 13.6, ಹುಸಿಮದ್ದು ಪಡೆದವರಲ್ಲಿ 2.5. ಪ್ರಯೋಜನವಿದೆ, ಆದರೆ ಅಲ್ಪ. ಇದಕ್ಕಿಂತ ಹೆಚ್ಚು ಫಲ ಕೊಟ್ಟ ಉಪಾಯ ಕೇಳಲು ಬಹಳ ಸರಳವಾಗಿದೆ. ವಾರ ವಾರವೂ ಮೂತ್ರಪರೀಕ್ಷೆ. ಔಷಧ ಕಾಣದಿದ್ದರೆ ಆಗಲೇ, ಅಲ್ಲಿಯೇ, ಒಂದು ಸಣ್ಣ ಬಹುಮಾನದ ಚೀಟಿ. ಚಟಗಾರನಿಗೆ ಬಹುಮಾನವೇ ಎಂದು ಮೂಗು ಮುರಿಯುವವರು ಉಂಟು. ಆದರೆ ನಿತ್ಯದ ಮೆಲುದನಿ ಕೇಳಿಸದ ಮಿದುಳಿಗೆ ದೂರದ ಲಾಭವನ್ನು ಬೋಧಿಸಿ ಫಲವಿಲ್ಲ. ಕೈಗೆಟಕುವ ಸಣ್ಣ ಸುಖವನ್ನು ಕೂಡಲೇ ಕೊಟ್ಟು ಅದರ ರುಚಿಯನ್ನು ಮತ್ತೆ ಹತ್ತಿಸಬೇಕು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳು 2011ರಿಂದ ಈ ಕ್ರಮವನ್ನು ಅನುಸರಿಸುತ್ತಿವೆ.

ಶಿಕ್ಷೆಗೆ ಹೆಸರಾದ ಜಪಾನಿನಲ್ಲಿಯೂ ಬದಲಾವಣೆ ಬಂದಿದೆ. ಸ್ವತಃ ಈ ಚಟದಿಂದ ಸೆರೆಮನೆಯ ಬಾಗಿಲು ಕಂಡು ಬಂದ ಕೊಂದೊ ತ್ಸುನೆಒ 1985ರಲ್ಲಿ ಟೋಕಿಯೊದಲ್ಲಿ ‘ದಾರುಕು’ ಎಂಬ ಮನೆಯನ್ನು ತೆರೆದರು. ಚಟ ಬಿಟ್ಟವರೇ ಚಟ ಬಿಡುವವರನ್ನು ಜೊತೆಯಲ್ಲಿ ಇಟ್ಟುಕೊಳ್ಳುವ ಏರ್ಪಾಡು. 2006ರಲ್ಲಿ ಮತ್ಸುಮೋತೊ ತೊಶಿಹಿಕೊ ಎಂಬ ಮನೋವೈದ್ಯರು ಸಂಗಡಿಗರೊಡನೆ ವಾರಕ್ಕೊಮ್ಮೆ ಗುಂಪಾಗಿ ಕುಳಿತು ಕಲಿಯುವ ಪಾಠಕ್ರಮವೊಂದನ್ನು ರೂಪಿಸಿದರು. ‘ಈ ವಾರ ಮತ್ತೆ ಸೇವಿಸಿದೆ’ ಎಂದು ಅಲ್ಲಿ ಒಬ್ಬನು ಬಾಯಿಬಿಟ್ಟರೆ ಅವನನ್ನು ಗದರುವುದಿಲ್ಲ, ಪೋಲೀಸರಿಗೆ ಒಪ್ಪಿಸುವುದಿಲ್ಲ. ನಿಜ ಹೇಳಬಹುದಾದ ಒಂದು ಜಾಗ ಊರಿನಲ್ಲಿ ಇರಬೇಕೆಂಬುದು ಅವರ ವಾದ.

ಮನೆಯವರು ಏನು ಮಾಡಬೇಕು? ಬೈಯುವುದು, ಬೇಡುವುದು, ಕೋಣೆಯಲ್ಲಿ ಕೂಡಿಹಾಕುವುದು, ಇವು ಎಲ್ಲರಿಗೂ ತೋಚುವ ಉಪಾಯಗಳು. ಅಮೆರಿಕದ ರಾಬರ್ಟ್ ಮೇಯರ್ಸ್ ಬೇರೊಂದನ್ನು ಪರೀಕ್ಷಿಸಿದರು. ಚಿಕಿತ್ಸೆಗೆ ಬರಲೊಪ್ಪದವನನ್ನು ಬಿಟ್ಟು, ಮೊದಲು ಅವನ ಮನೆಯವರಿಗೆ ತರಬೇತಿ: ಅವನು ಸ್ವಸ್ಥನಾಗಿರುವ ಹೊತ್ತಿನಲ್ಲಿ ಜೊತೆಗೆ ಕುಳಿತು ಉಣ್ಣುವುದು, ಮಾತನಾಡುವುದು, ಅಮಲಿನ ಹೊತ್ತಿನಲ್ಲಿ ಜಗಳಕ್ಕಿಳಿಯದೆ ದೂರ ಸರಿಯುವುದು, ಅವನ ಸಾಲವನ್ನೂ ಸುಳ್ಳನ್ನೂ ತಾವು ಹೊರದಿರುವುದು, ಹೊಡೆತದ ಭಯವಿದ್ದರೆ ಮೊದಲು ತಮ್ಮ ರಕ್ಷಣೆ ನೋಡಿಕೊಳ್ಳುವುದು, ಬಿಟ್ಟುಬಿಟ್ಟ ತಮ್ಮ ಬದುಕನ್ನು ಮತ್ತೆ ಬದುಕುವುದು. ಮದ್ಯದ ಚಟದವರನ್ನು ಕುರಿತು 1999ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನದಲ್ಲಿ, ಹೀಗೆ ತರಬೇತಾದ ಮನೆಗಳಿಂದ ನೂರಕ್ಕೆ 64 ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರುಗೊಂಡು ಒತ್ತಾಯಿಸುವ ಕ್ರಮದಿಂದ ಬಂದವರು 30. ಇತರ ಮಾದಕವಸ್ತುಗಳ ಚಟದವರಲ್ಲಿಯೂ ಬಳಿಕ ಇದೇ ಬಗೆಯ ಫಲ ಕಂಡಿದೆ.

ಇದೆಲ್ಲ ದೂರದ ದೇಶಗಳ ಮಾತೆಂದು ನಮ್ಮ ವಿದ್ಯಾರ್ಥಿಗಳು ತಿಳಿಯಬಾರದು. 2023ರ ಮೇ ತಿಂಗಳಲ್ಲಿ ಕೇರಳದ ಕರಾವಳಿಯಾಚೆ ಹಡಗೊಂದರಲ್ಲಿ ಸುಮಾರು ಎರಡೂವರೆ ಟನ್, 2024ರ ನವೆಂಬರಿನಲ್ಲಿ ಅಂಡಮಾನಿನ ಬಳಿ ಮಯನ್ಮಾರಿನ ಮೀನುದೋಣಿಯೊಂದರಲ್ಲಿ ಸುಮಾರು ಆರು ಟನ್ ಮೆಥಾಂಫೆಟಮಿನ್ ಸಿಕ್ಕಿತು. ಬೆಂಗಳೂರು ಮಂಗಳೂರುಗಳ ವೃತ್ತಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಎಂಡಿಎಂಎ ಎಂಬುದೂ ಇದೇ ವಂಶದ ಕೂಸು. ಅದರ ಉದ್ದನೆಯ ರಾಸಾಯನಿಕ ನಾಮವನ್ನು ಬಿಡಿಸಿ ಬರೆದರೆ ಕೊನೆಯಲ್ಲಿ ಮೆಥಾಂಫೆಟಮಿನ್ ಎಂಬ ಪದವೇ ನಿಲ್ಲುತ್ತದೆ.

ಪೋಲೀಸರ ಭಯದಿಂದ ಚಿಕಿತ್ಸೆಗೆ ಹೋಗದೆ ಕುಳಿತ ಮನೆಗಳು ನಮ್ಮಲ್ಲಿ ಇವೆ. ಅವರಿಗೆ ಒಂದು ಸಂಗತಿ ತಿಳಿದಿರಬೇಕು. ನಮ್ಮ ದೇಶದ 1985ರ ಮಾದಕವಸ್ತು ಶಾಸನದ 64ಎ ವಿಧಿಯ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಒಳಗಾದ ಚಟಗಾರನು ಸರಕಾರದ ಇಲ್ಲವೆ ಸರಕಾರದ ಮನ್ನಣೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಅರ್ಧದಲ್ಲಿ ಬಿಟ್ಟರೆ ಈ ರಕ್ಷಣೆ ತಪ್ಪಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಟಗಳ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರಕಾರದ ಸಹಾಯವಾಣಿಯ ಸಂಖ್ಯೆ 14446, ಕರೆಗೆ ಹಣವಿಲ್ಲ. ಸೇವಿಸುವವನೇ ಕರೆ ಮಾಡಬೇಕೆಂದೇನೂ ಇಲ್ಲ, ಅವನ ತಾಯಿಯೋ ತಂಗಿಯೋ ಮಾಡಬಹುದು.